ಹೋಮ್ ರನ್ ಪೈಪೋಟಿ: ಯಾವ ಸಂಖ್ಯೆಯನ್ನು ನಂಬಬೇಕು?

ಪ್ರಶ್ನೆ: ನಾವು ದಾವಣಗೆರೆಯವರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಏಳನೇ ತರಗತಿ ಓದುವ ಮಗನಿಗೆ ಬೇಸ್‌ಬಾಲ್ ಅಂದ್ರೆ ಹುಚ್ಚು, ನ್ಯೂಯಾರ್ಕಿನ ಯಾಂಕೀಸ್ ತಂಡ ಅಂದ್ರೆ ಪ್ರಾಣ. ಶಾಲೆಯಲ್ಲಿ ಅಂಕಿಅಂಶದ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವನು ಆರಿಸಿಕೊಂಡ ವಿಷಯ: ಒಂದು ಸೀಸನ್ನಿನ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರ ಚೆಂಡನ್ನು ಗೋಡೆಯಾಚೆ ಹೊಡೆಯುವುದು) ಪೈಪೋಟಿಯಲ್ಲಿ ಉಳಿದವರನ್ನೆಲ್ಲ ಅತಿ ಹೆಚ್ಚು ಹಿಂದೆ ಹಾಕಿದ ಆಟಗಾರ ಯಾರು? ಅವನ ಪ್ರಕಾರ 2022ರ ಆರನ್ ಜಡ್ಜ್. ಪಟ್ಟಿ ನೋಡಿದರೆ ಮೇಲೆ ಇರುವುದು ಬ್ಯಾರಿ ಬಾಂಡ್ಸ್‌ರ 73. ನನ್ನ ಆಫೀಸಿನ ಗೆಳೆಯರು ಹೇಳುವುದೇ ಬೇರೆ. ಬಾಂಡ್ಸ್‌ದು ಸ್ಟೆರಾಯ್ಡ್ ದಾಖಲೆ, ಬೇಬ್ ರೂತ್ ಕಾಲದಲ್ಲಿ ಚೆಂಡನ್ನೇ ಬದಲಾಯಿಸಿದ್ದರು, 1961ರ ಮ್ಯಾರಿಸ್ ದಾಖಲೆಗೆ ನಕ್ಷತ್ರ ಚಿಹ್ನೆ (ಪೂರ್ತಿ ದಾಖಲೆಯಲ್ಲ ಎಂಬ ಗುರುತು) ಹಾಕಿದ್ದರು, ಜಡ್ಜ್‌ಗೆ ಯಾಂಕೀಸ್ ಮೈದಾನದ ಗಿಡ್ಡ ಗೋಡೆ ಸಿಕ್ಕಿತು ಅನ್ನುತ್ತಾರೆ. 2013ರಲ್ಲಿ ಕ್ರಿಸ್ ಗೇಲ್ ಚಿನ್ನಸ್ವಾಮಿಯಲ್ಲಿ 175 ಹೊಡೆದಾಗಲೂ "ಮೈದಾನ ಚಿಕ್ಕದು ಬಿಡ್ರೀ" ಅಂದವರಿದ್ದರು, ಅದು ನೆನಪಾಯಿತು. ಎಲ್ಲ ಸಂಖ್ಯೆಗೂ ಒಂದೊಂದು ಕಾರಣ ಅಂಟಿಕೊಂಡಿದ್ದರೆ ಯಾವುದನ್ನು ನಂಬುವುದು? ಮಗನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಮಗ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. "ಅತಿ ಹೆಚ್ಚು ಹೋಮ್ ರನ್ ಹೊಡೆದವರು ಯಾರು" ಎಂದು ಅವನು ಕೇಳಿಲ್ಲ, "ಉಳಿದವರನ್ನು ಅತಿ ಹಿಂದೆ ಹಾಕಿದವರು ಯಾರು" ಎಂದು ಕೇಳಿದ್ದಾನೆ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ನಿಮ್ಮ ಗೆಳೆಯರ ತಕರಾರುಗಳಲ್ಲಿ ಹೆಚ್ಚಿನವು ಮೊದಲನೆಯ ಪ್ರಶ್ನೆಗೆ ಸಂಬಂಧಪಟ್ಟವು. ಎರಡನೆಯದಕ್ಕೆ ಅವು ಅಷ್ಟಾಗಿ ತಾಗುವುದಿಲ್ಲ.

ಯಾಕೆಂದರೆ ಚೆಂಡು ಪುಟಿಯುವಂಥದ್ದಾದರೆ ಅದು ಆ ವರ್ಷ ಆಡಿದ ಎಲ್ಲರಿಗೂ ಪುಟಿಯುತ್ತದೆ. ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ದುರ್ಬಲರಾಗಿದ್ದರೆ ಲೀಗಿನ ಎಲ್ಲ ಬ್ಯಾಟರ್‌ಗಳಿಗೂ ಲಾಭ. 1920ರಲ್ಲಿ ರೂತ್ ಹೊಡೆದ 54ನ್ನೂ 2001ರಲ್ಲಿ ಬಾಂಡ್ಸ್ ಹೊಡೆದ 73ನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದು ಕಷ್ಟ. ಆದರೆ 1920ರ ಮೊದಲನೆಯವನನ್ನು 1920ರ ಎರಡನೆಯವನ ಪಕ್ಕ ನಿಲ್ಲಿಸಬಹುದು. ಅವರಿಬ್ಬರೂ ಅದೇ ಚೆಂಡು, ಅದೇ ನಿಯಮ, ಅದೇ ಬೇಸಿಗೆಯಲ್ಲಿ ಆಡಿದವರು. ಅಂಕಿಅಂಶ ವಿಶ್ಲೇಷಣೆ ನನ್ನ ವೃತ್ತಿ. ಯಾವುದೇ ಹೋಮ್ ರನ್ ದಾಖಲೆ ಮುಂದೆ ಬಂದರೂ ನಾನು ಮೊದಲು ಕಣ್ಣು ಹಾಯಿಸುವುದು ಪಟ್ಟಿಯ ಎರಡನೇ ಸಾಲಿಗೆ.

ಹಾಗೆ ನೋಡಿದಾಗ ಏನಾಗುತ್ತದೆ ನೋಡಿ. 2001ರಲ್ಲಿ ಬಾಂಡ್ಸ್ 73 ಹೊಡೆದಾಗ ಸ್ಯಾಮಿ ಸೋಸಾ 64ರಲ್ಲಿದ್ದರು, ಲೂಯಿಸ್ ಗೊನ್ಸಾಲೆಸ್ 57ರಲ್ಲಿ. ಅಂತರ ಒಂಬತ್ತು. 1998ರಲ್ಲಿ ಮಾರ್ಕ್ ಮಗ್ವಾಯರ್ 70, ಸೋಸಾ 66, ಅಂತರ ಬರೀ ನಾಲ್ಕು. 1961ರಲ್ಲಿ ರಾಜರ್ ಮ್ಯಾರಿಸ್ 61, ಅದೇ ತಂಡದ ಮಿಕ್ಕಿ ಮ್ಯಾಂಟಲ್ 54. ಇವು ಮೂರೂ ಮಹಾ ದಾಖಲೆಗಳೇ. ಆದರೂ ನಿಮ್ಮ ಮಗನ ಪ್ರಶ್ನೆಗೆ ಇವು ಉತ್ತರವಾಗುವುದಿಲ್ಲ, ಇವು ಜಿದ್ದಾಜಿದ್ದಿಯ ವರ್ಷಗಳು. ಸೋಸಾ ಅವರ ಕಥೆಯನ್ನೇ ತೆಗೆದುಕೊಳ್ಳಿ. 1998, 1999, 2001, ಹೀಗೆ ಮೂರು ಸೀಸನ್‌ಗಳಲ್ಲಿ 60 ದಾಟಿದರು (66, 63, 64). ಆ ಮೂರರಲ್ಲಿ ಒಂದರಲ್ಲೂ ತಮ್ಮ ಲೀಗಿನ (ಅಲ್ಲಿ ಅಮೆರಿಕನ್, ನ್ಯಾಷನಲ್ ಎಂದು ಎರಡು ಲೀಗ್‌ಗಳಿವೆ) ಮೊದಲ ಸ್ಥಾನ ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು 2000ದಲ್ಲಿ 50 ಹೊಡೆದಾಗ, ಮತ್ತೆ 2002ರಲ್ಲಿ 49 ಹೊಡೆದಾಗ. ಬರೀ ಸಂಖ್ಯೆಯನ್ನು ನಂಬಿದರೆ ದಾರಿ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನಾನು ಕಂಡಿಲ್ಲ. ಮಗನ ಪ್ರಾಜೆಕ್ಟ್‌ನಲ್ಲಿ ಇದು ಇರಲೇಬೇಕು.

ರೂತ್ ಮತ್ತು ಚೆಂಡಿನ ಕಥೆ

ಈಗ 1920ಕ್ಕೆ ಬನ್ನಿ. ಬೇಬ್ ರೂತ್ 54. ಎರಡನೇ ಸ್ಥಾನದಲ್ಲಿ ಜಾರ್ಜ್ ಸಿಸ್ಲರ್, 19. ಅಂತರ 35. ಇನ್ನೊಂದು ಲೀಗಿನ, ಅಂದರೆ ನ್ಯಾಷನಲ್ ಲೀಗಿನ ಮೊದಲಿಗ ಸೈ ವಿಲಿಯಮ್ಸ್ 15ಕ್ಕೆ ನಿಂತಿದ್ದರು. ಅಮೆರಿಕನ್ ಲೀಗಿನಲ್ಲಿ ರೂತ್ ಆಡುತ್ತಿದ್ದ ಯಾಂಕೀಸ್ ಬಿಟ್ಟರೆ ಏಳು ತಂಡಗಳಿದ್ದವು. ಆ ಏಳರಲ್ಲಿ ಯಾವ ತಂಡವೂ, ಎಲ್ಲ ಆಟಗಾರರನ್ನೂ ಸೇರಿಸಿದರೂ, ಆ ವರ್ಷ 54 ಹೋಮ್ ರನ್ ಹೊಡೆಯಲಿಲ್ಲ. ಹತ್ತಿರ ಬಂದ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಒಟ್ಟು 50. ಮರುವರ್ಷ ರೂತ್ 59, ಎರಡನೆಯವರು 24. ಮತ್ತೆ ಅದೇ 35ರ ಅಂತರ.

ಇದಕ್ಕೆ ಚೆಂಡು ಕಾರಣ ಎಂಬ ಮಾತು ಅಂದಿನಿಂದಲೂ ಇದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಒಳಗೆ ಸುತ್ತುವ ಉಣ್ಣೆಯ ನೂಲು ಉತ್ತಮವಾಯಿತು, ಬಿಗಿಯಾಗಿ ಸುತ್ತಿದ ಚೆಂಡು ಹೆಚ್ಚು ದೂರ ಹೋಯಿತು ಎಂದು ಹೇಳುತ್ತಾರೆ. ಚೆಂಡನ್ನು ಬೇಕೆಂದೇ ಬದಲಾಯಿಸಿದೆವು ಎಂದು ತಯಾರಕರು ಒಪ್ಪಿಕೊಂಡಿರಲಿಲ್ಲ. ಅದಿರಲಿ, ನಿಯಮಗಳು ಬದಲಾಗಿದ್ದಂತೂ ನಿಜ. 1920ರ ಸೀಸನ್ನಿಗೆ ಮುಂಚೆ, ಉಗುಳು ಹಚ್ಚಿ ಚೆಂಡು ಎಸೆಯುವುದನ್ನು ನಿಷೇಧಿಸಿದರು. ಆಗಲೇ ಅದನ್ನು ಅವಲಂಬಿಸಿದ್ದ ಕೆಲವು ಪಿಚರ್‌ಗಳಿಗೆ ಮಾತ್ರ ವಿನಾಯಿತಿ ಕೊಟ್ಟರು. ಅದೇ ಆಗಸ್ಟ್ 16ರಂದು ಕ್ಲೀವ್‌ಲ್ಯಾಂಡ್ ತಂಡದ ರೇ ಚ್ಯಾಪ್‌ಮನ್ ಅವರ ತಲೆಗೆ ಕಾರ್ಲ್ ಮೇಸ್ ಎಸೆದ ಚೆಂಡು ಬಡಿಯಿತು, ಮರುದಿನ ಅವರು ತೀರಿಕೊಂಡರು. ಮಣ್ಣು, ತಂಬಾಕಿನ ಎಂಜಲು ಹತ್ತಿ ಕಪ್ಪಾದ ಒಂದೇ ಚೆಂಡಿನಲ್ಲಿ ಆಟ ಮುಗಿಸುತ್ತಿದ್ದ ಕಾಲ ಅದು. ಅಂಥ ಚೆಂಡು ಬರುವುದೇ ಬ್ಯಾಟರ್‌ಗೆ ಕಾಣುತ್ತಿರಲಿಲ್ಲ. ಆ ಸಾವಿನ ನಂತರ ಬಿಳಿಯ, ಹೊಸ ಚೆಂಡುಗಳನ್ನು ಧಾರಾಳವಾಗಿ ಆಟಕ್ಕೆ ತರತೊಡಗಿದರು.

ಇಷ್ಟೆಲ್ಲ ನಿಜವಿದ್ದರೂ ರೂತ್ ಅವರನ್ನು ಇವು ವಿವರಿಸುವುದಿಲ್ಲ. ಕಾರಣ 1919. ಉಗುಳಿನ ಚೆಂಡು ಇನ್ನೂ ನಿಯಮಬದ್ಧವಾಗಿತ್ತು, ಚೆಂಡು ಹಳೆಯದೇ, ಸೀಸನ್ ಕೂಡ 140 ಪಂದ್ಯಕ್ಕೆ ಇಳಿದಿತ್ತು. ರೂತ್ ಆಗ ಬೋಸ್ಟನ್ ರೆಡ್ ಸಾಕ್ಸ್ ತಂಡದಲ್ಲಿದ್ದರು, ಅದೂ ಅರೆಬರೆ ಪಿಚರ್ ಆಗಿ. ಆ ವರ್ಷ ಒಂಬತ್ತು ಪಂದ್ಯಗಳನ್ನು ಪಿಚರ್ ಆಗಿಯೇ ಗೆದ್ದರು. ಅಂಥ ವರ್ಷದಲ್ಲೇ 29 ಹೋಮ್ ರನ್ ಹೊಡೆದು ಹೊಸ ದಾಖಲೆ ಬರೆದರು. ಅವರ ಲೀಗಿನಲ್ಲಿ ಎರಡನೇ ಸ್ಥಾನ ಹಂಚಿಕೊಂಡ ಮೂವರದ್ದೂ ತಲಾ 10. ಎರಡನೆಯವರಿಗಿಂತ ಸುಮಾರು ಮೂರು ಪಟ್ಟು. ಬೋಸ್ಟನ್‌ನ ಫೆನ್‌ವೇ ಮೈದಾನ ಆಗ ರೂತ್ ಅವರಂಥ ಎಡಗೈ ಬ್ಯಾಟರ್‌ಗೆ ಅನುಕೂಲವಾಗಿರಲಿಲ್ಲ, ಆ 29ರಲ್ಲಿ ಅಲ್ಲಿ ಬಂದಿದ್ದು ಒಂಬತ್ತೇ. ಉಳಿದ 20 ಬೇರೆ ಊರಿನ ಮೈದಾನಗಳಲ್ಲಿ. ಅಂದರೆ ಚೆಂಡು ಬದಲಾಗುವ ಮೊದಲೇ ಈ ಮನುಷ್ಯ ಬೇರೆ ಆಟ ಆಡುತ್ತಿದ್ದರು.

ಹಾಗಾದರೆ ನಿಜವಾದ ಕಾರಣವೇನು? ಬ್ಯಾಟ್ ಬೀಸುವ ರೀತಿ. ಆಗಿನ ಬ್ಯಾಟರ್‌ಗಳು ಹಿಡಿಯಿಂದ ಸ್ವಲ್ಪ ಮೇಲಕ್ಕೆ ಬ್ಯಾಟ್ ಹಿಡಿದು, ಚೆಂಡನ್ನು ತಗ್ಗಾಗಿ, ಆಟಗಾರರ ನಡುವಿನ ಖಾಲಿ ಜಾಗಕ್ಕೆ ತಳ್ಳುತ್ತಿದ್ದರು. ಆ ಕಾಲದ ದೊಡ್ಡ ಬ್ಯಾಟರ್ ಟೈ ಕಾಬ್ ಅವರ ಆಟವೇ ಎಲ್ಲರಿಗೂ ಮಾದರಿ. ಚೆಂಡನ್ನು ಎತ್ತಿ ಹೊಡೆದರೆ ಕ್ಯಾಚ್ ಆಗುತ್ತದೆ, ಹಾಗಾಗಿ ಅದು ತಪ್ಪು ಆಟ ಎಂದು ತರಬೇತುದಾರರು ತಿದ್ದುತ್ತಿದ್ದರು. ರೂತ್ ಬ್ಯಾಟಿನ ತುದಿಯ ಗುಬಟು ಅಂಗೈಗೆ ತಾಗುವಂತೆ ಕೆಳಗೆ ಹಿಡಿದು, ಭಾರೀ ತೂಕದ ಬ್ಯಾಟನ್ನು ಕೆಳಗಿನಿಂದ ಮೇಲಕ್ಕೆ ಪೂರ್ಣ ಬೀಸುತ್ತಿದ್ದರು. ಅವರು ತಂಡಕ್ಕೆ ಬಂದದ್ದು ಪಿಚರ್ ಆಗಿ. ಪಿಚರ್ ಹೇಗೆ ಬ್ಯಾಟ್ ಮಾಡಿದರೇನು ಎಂದು ಯಾರೂ ತಿದ್ದಲು ಹೋಗಲಿಲ್ಲ ಎಂಬ ವಿವರಣೆಯನ್ನು ಆ ಕಾಲದವರೇ ಕೊಟ್ಟಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ.

ಗೋಡೆಯ ವಿಷಯಕ್ಕೂ ಇಲ್ಲೇ ಉತ್ತರ ಇದೆ. 1920ರಲ್ಲಿ ಯಾಂಕೀಸ್ ಆಡುತ್ತಿದ್ದುದು ಪೋಲೋ ಗ್ರೌಂಡ್ಸ್‌ನಲ್ಲಿ. ಅಲ್ಲಿ ಬಲಗಡೆಯ ಗೆರೆಯುದ್ದಕ್ಕೆ ಗೋಡೆಗೆ 260 ಅಡಿಯೂ ಇರಲಿಲ್ಲ. ಸಹಜವಾಗಿ ಬಲಗಡೆಗೆ ಎತ್ತುವ ಎಡಗೈ ಬ್ಯಾಟರ್‌ಗೆ ಸುಗ್ಗಿ. ಆ ಲಾಭ ರೂತ್‌ಗೆ ಸಿಕ್ಕಿತು, ಅಲ್ಲಿ 29 ಬಂದವು. ಅವನ್ನೆಲ್ಲ ಅಳಿಸಿಬಿಡಿ. ಹೊರಗಿನ ಊರುಗಳಲ್ಲಿ ಹೊಡೆದ 25 ಉಳಿಯುತ್ತವೆ. ಸಿಸ್ಲರ್ ಇಡೀ ವರ್ಷ, ಎಲ್ಲ ಮೈದಾನಗಳಲ್ಲಿ ಹೊಡೆದದ್ದು 19. 1927ರಲ್ಲಂತೂ ರೂತ್‌ರ 60ರಲ್ಲಿ 32 ಹೊರಗಿನ ಮೈದಾನಗಳಲ್ಲೇ ಬಂದವು.

ಗೋಡೆಯೇ ಎಲ್ಲ ಮಾಡಿದ ಉದಾಹರಣೆಯೂ ಉಂಟು. ಫಿಲಡೆಲ್ಫಿಯಾದ ಬೇಕರ್ ಬೌಲ್ ಎಂಬ ಮೈದಾನದಲ್ಲಿ ಬಲಗಡೆಯ ಗೋಡೆ ತೀರಾ ಹತ್ತಿರ. 1914ರಲ್ಲಿ ಗ್ಯಾವಿ ಕ್ರಾವತ್ ಎಂಬುವವರು 19 ಹೋಮ್ ರನ್ ಹೊಡೆದು ನ್ಯಾಷನಲ್ ಲೀಗಿನಲ್ಲಿ ಮೊದಲಿಗರಾದರು. ಆ ಹತ್ತೊಂಬತ್ತೂ ಅದೇ ಮೈದಾನದಲ್ಲಿ. ಹೊರಗೆ ಒಂದೂ ಇಲ್ಲ. ಆದ್ದರಿಂದ "ಮೈದಾನ ಚಿಕ್ಕದು" ಎಂಬ ತಕರಾರನ್ನು ಯಾರಾದರೂ ಎತ್ತಿದರೆ ವಾದಕ್ಕೆ ಇಳಿಯುವ ಅಗತ್ಯವಿಲ್ಲ. ಮನೆಯಂಗಳದ್ದೆಷ್ಟು, ಹೊರಗಿನದ್ದೆಷ್ಟು ಎಂದು ಎರಡು ಕಾಲಂ ಬರೆಯಲು ಮಗನಿಗೆ ಹೇಳಿ. 2022ರಲ್ಲಿ ಜಡ್ಜ್ ಹೊಡೆದ 62ನ್ನೂ ಹಾಗೇ ಬಿಡಿಸಿ: ಯಾಂಕೀ ಸ್ಟೇಡಿಯಂನಲ್ಲಿ 30, ಹೊರಗೆ 32. ನಿಮ್ಮ ಗೆಳೆಯರ ಗಿಡ್ಡ ಗೋಡೆಯ ಮಾತು ಅಲ್ಲಿಗೇ ಮುಗಿಯಿತು.

ರೂತ್ ವಿಷಯದಲ್ಲಿ ನನಗಿರುವ ದೊಡ್ಡ ತಕರಾರು ಚೆಂಡಿನದ್ದೂ ಅಲ್ಲ, ಗೋಡೆಯದ್ದೂ ಅಲ್ಲ. ಆ ಲೀಗಿನಲ್ಲಿ ಕಪ್ಪು ವರ್ಣದ ಆಟಗಾರರಿಗೆ ಪ್ರವೇಶವೇ ಇರಲಿಲ್ಲ. 1947ರಲ್ಲಿ ಜಾಕಿ ರಾಬಿನ್ಸನ್ ಬರುವ ತನಕ ಆ ಬಾಗಿಲು ಮುಚ್ಚಿಯೇ ಇತ್ತು. ಆಸ್ಕರ್ ಚಾರ್ಲ್‌ಸ್ಟನ್, ಟರ್ಕಿ ಸ್ಟರ್ನ್ಸ್, ಆಮೇಲೆ ಜಾಶ್ ಗಿಬ್ಸನ್, ಇಂಥ ಮಹಾ ಹೊಡೆತಗಾರರು ಕಪ್ಪು ಆಟಗಾರರಿಗೆಂದೇ ಇದ್ದ ನೀಗ್ರೋ ಲೀಗ್‌ಗಳಲ್ಲಿ ಆಡುತ್ತಿದ್ದರು. ಅವರೂ ಪೈಪೋಟಿಯಲ್ಲಿದ್ದಿದ್ದರೆ ಎರಡನೇ ಸಾಲಿನಲ್ಲಿ 19 ಇರುತ್ತಿತ್ತೇ? ನನಗೆ ಅನುಮಾನ. 2024ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಆ ಲೀಗ್‌ಗಳ ಅಂಕಿಗಳನ್ನು ತನ್ನ ಅಧಿಕೃತ ದಾಖಲೆಗೆ ಸೇರಿಸಿಕೊಂಡಿತು. ಆದರೆ ಆಡದೇ ಹೋದ ಪಂದ್ಯಗಳನ್ನು ಯಾವ ದಾಖಲೆಯೂ ತುಂಬಿಕೊಡಲಾರದು. ಏಳನೇ ತರಗತಿಯ ಹುಡುಗನಿಗೆ ಇದು ಖಂಡಿತ ಅರ್ಥವಾಗುತ್ತದೆ, ದಯವಿಟ್ಟು ಹೇಳಿ.

ಮ್ಯಾರಿಸ್ ಮತ್ತು ನಕ್ಷತ್ರ ಚಿಹ್ನೆ

ಮ್ಯಾರಿಸ್ ದಾಖಲೆಗೆ ಅಧಿಕೃತ ಪುಸ್ತಕದಲ್ಲಿ ನಕ್ಷತ್ರ ಚಿಹ್ನೆ ಯಾವತ್ತೂ ಇರಲಿಲ್ಲ. ನಡೆದದ್ದು ಇಷ್ಟು. 1961ರಲ್ಲಿ ಅಮೆರಿಕನ್ ಲೀಗ್ ಎಂಟು ತಂಡಗಳಿಂದ ಹತ್ತಕ್ಕೆ ಬೆಳೆಯಿತು, ಸೀಸನ್ 154 ಪಂದ್ಯಗಳಿಂದ 162ಕ್ಕೆ ಹೋಯಿತು. ಆಗಿನ ಕಮಿಷನರ್, ಅಂದರೆ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಫೋರ್ಡ್ ಫ್ರಿಕ್, 154 ಪಂದ್ಯಗಳೊಳಗೆ ರೂತ್‌ರ 60ನ್ನು ದಾಟದಿದ್ದರೆ ಎರಡೂ ದಾಖಲೆಗಳನ್ನು ಬೇರೆ ಬೇರೆಯಾಗಿ ನಮೂದಿಸಬೇಕು ಎಂದರು. ಈ ಫ್ರಿಕ್ ಹಿಂದೆ ಪತ್ರಕರ್ತರಾಗಿದ್ದಾಗ ರೂತ್ ಅವರ ಹೆಸರಿನಲ್ಲಿ ಲೇಖನ ಬರೆದುಕೊಟ್ಟವರು, ಅವರ ಸ್ನೇಹಿತರು. ನಕ್ಷತ್ರ ಚಿಹ್ನೆಯ ಮಾತು ಬಂದದ್ದು ಪತ್ರಕರ್ತರಿಂದ. ಪುಸ್ತಕಗಳಲ್ಲಿ ಇದ್ದದ್ದು ಎರಡು ಪ್ರತ್ಯೇಕ ಸಾಲು. 1991ರಲ್ಲಿ ಆ ಭೇದವನ್ನೂ ತೆಗೆದುಹಾಕಿದರು. ಮ್ಯಾರಿಸ್ ಆ ವೇಳೆಗೆ ತೀರಿಕೊಂಡು ಆರು ವರ್ಷವಾಗುತ್ತ ಬಂದಿತ್ತು.

ಎಂಟು ಪಂದ್ಯ ಹೆಚ್ಚು ಸಿಕ್ಕಿತು ಎಂಬ ವಾದವೂ ಲೆಕ್ಕದ ಮುಂದೆ ನಿಲ್ಲುವುದಿಲ್ಲ. 1927ರಲ್ಲಿ ರೂತ್ ಬ್ಯಾಟ್ ಹಿಡಿದು ನಿಂತದ್ದು ಒಟ್ಟು 691 ಬಾರಿ, 1961ರಲ್ಲಿ ಮ್ಯಾರಿಸ್ 698 ಬಾರಿ. ವ್ಯತ್ಯಾಸ ಏಳು ಸಲದ್ದು. ಮ್ಯಾರಿಸ್‌ಗೆ ಸಿಕ್ಕ ನಿಜವಾದ ಅನುಕೂಲ ಬೇರೆಯೇ ಇತ್ತು, ಅದನ್ನು ಜನ ಗಮನಿಸುವುದು ಕಡಿಮೆ. ಅಪಾಯಕಾರಿ ಬ್ಯಾಟರ್ ಬಂದಾಗ ಪಿಚರ್ ಬೇಕೆಂದೇ ನಾಲ್ಕು ಚೆಂಡು ಹೊರಗೆಸೆದು ಮೊದಲ ಬೇಸ್‌ಗೆ ಬಿಟ್ಟುಕೊಡುವ ಪದ್ಧತಿ ಉಂಟಲ್ಲ, ಅದು ಆ ಇಡೀ ವರ್ಷ ಮ್ಯಾರಿಸ್‌ಗೆ ಒಮ್ಮೆಯೂ ಆಗಲಿಲ್ಲ. ಹಾಗೆ ಬಿಟ್ಟರೆ ಮುಂದೆ ಬರುತ್ತಿದ್ದವರು ಮ್ಯಾಂಟಲ್!

ಆ ವರ್ಷದ ಒತ್ತಡ ಎಂಥದ್ದಿತ್ತೆಂದರೆ ಮ್ಯಾರಿಸ್ ಅವರ ತಲೆಗೂದಲು ಗೊಂಚಲು ಗೊಂಚಲಾಗಿ ಉದುರತೊಡಗಿತ್ತು. ಅಭಿಮಾನಿಗಳಲ್ಲಿ ಬಹಳ ಮಂದಿಗೆ ದಾಖಲೆ ಮ್ಯಾಂಟಲ್ ಪಾಲಾಗಬೇಕೆಂಬ ಆಸೆ. ಮ್ಯಾಂಟಲ್ ಸೆಪ್ಟೆಂಬರ್‌ನಲ್ಲಿ ಸೊಂಟದ ಸೋಂಕಿನಿಂದ ಹಾಸಿಗೆ ಹಿಡಿದರು. ಅಕ್ಟೋಬರ್ 1ರಂದು, ಸೀಸನ್ನಿನ ಕೊನೆಯ ದಿನ, ಬೋಸ್ಟನ್‌ನ ಟ್ರೇಸಿ ಸ್ಟಾಲರ್ಡ್ ಎಸೆದ ಚೆಂಡನ್ನು ಮ್ಯಾರಿಸ್ ಬಲಗಡೆಯ ಗ್ಯಾಲರಿಗೆ ಎತ್ತಿದಾಗ ಯಾಂಕೀ ಸ್ಟೇಡಿಯಂನಲ್ಲಿ ಇದ್ದವರು 23,154 ಜನ. ಅರ್ಧಕ್ಕಿಂತ ಹೆಚ್ಚು ಕುರ್ಚಿ ಖಾಲಿ. ಚೆಂಡು ಹಿಡಿದದ್ದು ಬ್ರೂಕ್ಲಿನ್‌ನ 19 ವರ್ಷದ ಹುಡುಗ. ಅವನು ಅದನ್ನು ಮ್ಯಾರಿಸ್‌ಗೇ ಕೊಡಲು ಬಂದರೆ, ನೀನೇ ಇಟ್ಟುಕೊಂಡು ಮಾರಿ ನಾಲ್ಕು ಕಾಸು ಮಾಡಿಕೋ ಎಂದು ಕಳಿಸಿದರಂತೆ. ಆ ಚೆಂಡಿಗೆ 5,000 ಡಾಲರ್ ಬಂತು. ಮೇಲುಗೈಯ ಲೆಕ್ಕದಲ್ಲಿ ಮ್ಯಾರಿಸ್ ಹಿಂದೆ ಬೀಳಬಹುದು, ಆದರೆ ಆ ಮನುಷ್ಯ ಪಟ್ಟ ಪಾಡು ನೆನೆದಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಹೆಚ್ಚುತ್ತದೆ.

ಸ್ಟೆರಾಯ್ಡ್ ದಾಖಲೆಗಳನ್ನು ಏನು ಮಾಡುವುದು?

ನಿಮ್ಮ ಗೆಳೆಯರ ಮಾತಿನಲ್ಲಿ ಅತಿ ಹೆಚ್ಚು ಹುರುಳಿರುವುದು ಇಲ್ಲಿ. 1998ರ ಆಗಸ್ಟ್‌ನಲ್ಲೇ ಮಗ್ವಾಯರ್ ಅವರ ಲಾಕರ್‌ನಲ್ಲಿ ಸ್ನಾಯು ಬೆಳೆಸಲು ಬಳಸುವ ಆಂಡ್ರೊಸ್ಟೀನ್‌ಡಯೋನ್ ಬಾಟಲಿ ಪತ್ರಕರ್ತರ ಕಣ್ಣಿಗೆ ಬಿದ್ದಿತ್ತು. ಅದು ಆಗ ಅಂಗಡಿಯಲ್ಲಿ ಸಿಗುತ್ತಿತ್ತು, ಬೇಸ್‌ಬಾಲ್ ನಿಯಮದಲ್ಲಿ ನಿಷೇಧವೂ ಇರಲಿಲ್ಲ. 2010ರ ಜನವರಿಯಲ್ಲಿ ಅವರೇ ಸ್ಟೆರಾಯ್ಡ್ ಬಳಸಿದ್ದನ್ನು, ದಾಖಲೆಯ ವರ್ಷವೂ ಸೇರಿದಂತೆ, ಒಪ್ಪಿಕೊಂಡರು. ಬಾಂಡ್ಸ್ ತಿಳಿದೂ ತಿಳಿದೂ ಬಳಸಿಲ್ಲ ಎನ್ನುತ್ತ ಬಂದಿದ್ದಾರೆ. ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪದಲ್ಲಿ ಅವರಿಗೆ ಆಗಿದ್ದ ಶಿಕ್ಷೆ 2015ರಲ್ಲಿ ರದ್ದಾಯಿತು. ಮಗ್ವಾಯರ್, ಸೋಸಾ, ಬಾಂಡ್ಸ್, ಮೂವರಲ್ಲಿ ಯಾರಿಗೂ ಬೇಸ್‌ಬಾಲ್ ದಿಗ್ಗಜರ ಗೌರವ ಮಂದಿರವಾದ ಹಾಲ್ ಆಫ್ ಫೇಮ್ ಬಾಗಿಲು ತೆರೆದಿಲ್ಲ.

ಇಲ್ಲಿ ಜನ ಎರಡು ಕಡೆಯೂ ಅತಿಗೆ ಹೋಗುತ್ತಾರೆ. "ಸ್ಟೆರಾಯ್ಡ್ ಚೆಂಡನ್ನು ಕಾಣಿಸುವುದಿಲ್ಲ, ಹೊಡೆಯುವ ಕೈಚಳಕ ಕೊಡುವುದಿಲ್ಲ, ಆದ್ದರಿಂದ ಅದರಿಂದ ಏನೂ ಆಗಲಿಲ್ಲ" ಎಂಬುದು ಒಂದು. ಇದು ಸರಿಯಲ್ಲ. ಗೋಡೆ ಗೆರೆಯ ಬಳಿ ಸುಮಾರು 330 ಅಡಿ, ನಡುವೆ ಸುಮಾರು 400 ಅಡಿ ದೂರದಲ್ಲಿರುತ್ತದೆ. ಎತ್ತಿ ಹೊಡೆದ ಚೆಂಡುಗಳಲ್ಲಿ ಎಷ್ಟೋ ಗೋಡೆಗೆ ಹತ್ತಿಪ್ಪತ್ತು ಅಡಿ ಮುಂಚೆ ಬಿದ್ದು ಕ್ಯಾಚ್ ಆಗುತ್ತವೆ. ಬ್ಯಾಟಿನ ವೇಗ ಚೂರೇ ಚೂರು ಹೆಚ್ಚಿದರೂ ಆ ಚೆಂಡುಗಳು ಗೋಡೆ ದಾಟುತ್ತವೆ. ಸ್ನಾಯುಬಲ ಸ್ವಲ್ಪವೇ ಹೆಚ್ಚಿದರೂ ಹೋಮ್ ರನ್ ಸಂಖ್ಯೆ ಬಹಳ ಏರುವುದು ಹೀಗೆ. ಜತೆಗೆ, ದಣಿದ ದೇಹ ಬೇಗ ಚೇತರಿಸಿಕೊಳ್ಳುತ್ತದೆ. 162 ಪಂದ್ಯಗಳ ಸೀಸನ್ನಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಅದು ದೊಡ್ಡ ಲಾಭ.

ಇನ್ನೊಂದು ಅತಿ, "ಆ ವರ್ಷಗಳನ್ನೆಲ್ಲ ಅಳಿಸಿಹಾಕಿ" ಎನ್ನುವುದು. ಯಾರು ಬಳಸಿದರು, ಎಷ್ಟು, ಯಾವಾಗ ಎಂಬ ಪಟ್ಟಿ ಯಾರ ಬಳಿಯೂ ಪೂರ್ತಿ ಇಲ್ಲ. ಶಿಕ್ಷೆ ಸಹಿತ ಪರೀಕ್ಷೆ ಶುರುವಾದದ್ದೇ 2004ರಲ್ಲಿ. ಚೆಂಡು ಎಸೆಯುವವರಲ್ಲೂ ಬಳಸುವವರಿದ್ದರು ಎಂಬುದು 2007ರ ಡಿಸೆಂಬರ್‌ನಲ್ಲಿ ಬಂದ, ಬೇಸ್‌ಬಾಲ್‌ನಲ್ಲಿ ಸ್ಟೆರಾಯ್ಡ್ ಬಳಕೆ ಕುರಿತ ಮಿಚೆಲ್ ವರದಿಯಿಂದ ಗೊತ್ತಾಯಿತು. ಚೆಂಡು ಎಲ್ಲರಿಗೂ ಒಂದೇ, ಔಷಧ ಎಲ್ಲರಿಗೂ ಒಂದೇ ಅಲ್ಲ. ಹಾಗಾಗಿ ಆ ಕಾಲಕ್ಕೆ ಎರಡನೇ ಸಾಲಿನ ಲೆಕ್ಕವೂ ಪೂರ್ತಿ ನ್ಯಾಯ ಒದಗಿಸುವುದಿಲ್ಲ. ನನ್ನ ಸಲಹೆ: ಸಂಖ್ಯೆಯನ್ನು ಹಾಗೇ ಬರೆಯಿರಿ, ಪಕ್ಕದಲ್ಲಿ ಒಂದು ಸಾಲಿನ ಟಿಪ್ಪಣಿ ಇಡಿ. ತೀರ್ಪನ್ನು ಓದುವವರಿಗೆ ಬಿಡಿ. 2022ರ ಸೆಪ್ಟೆಂಬರ್‌ನಲ್ಲಿ ಜಡ್ಜ್ 61ಕ್ಕೆ ಬಂದಾಗ ಮ್ಯಾರಿಸ್ ಅವರ ಮಗ, 62 ಆದರೆ ಅದೇ ನಿಜವಾದ ದಾಖಲೆ ಎಂಬರ್ಥದ ಮಾತಾಡಿದ್ದರು. ಅದು ಅವರ ಮನದ ಮಾತು, ಅರ್ಥವಾಗುತ್ತದೆ. ಪುಸ್ತಕದಲ್ಲಿ ದಾಖಲೆ ಇಂದಿಗೂ 73.

2022: ನಿಮ್ಮ ಮಗನ ವಾದ ಎಷ್ಟು ಗಟ್ಟಿ?

ಬಹಳ ಗಟ್ಟಿ. ಅಕ್ಟೋಬರ್ 4ರಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಜಡ್ಜ್ 62ನೆಯದನ್ನು ಹೊಡೆದು ಅಮೆರಿಕನ್ ಲೀಗಿನ ದಾಖಲೆ ಮಾಡಿದರು. ಲೀಗಿನಲ್ಲಿ ಎರಡನೆಯವರು ಮೈಕ್ ಟ್ರೌಟ್, 40. ಅಂತರ 22. ಎರಡೂ ಲೀಗ್ ಸೇರಿಸಿದರೆ ಕೈಲ್ ಶ್ವಾರ್ಬರ್ 46, ಆಗಲೂ ಅಂತರ 16.

ಇದರ ತೂಕ ತಿಳಿಯಬೇಕಾದರೆ ಆ ವರ್ಷದ ವಾತಾವರಣ ನೋಡಬೇಕು. 2019ರಲ್ಲಿ ಎಲ್ಲ 30 ತಂಡಗಳು ಸೇರಿ 6,776 ಹೋಮ್ ರನ್ ಹೊಡೆದಿದ್ದವು, ಅದು ಸಾರ್ವಕಾಲಿಕ ದಾಖಲೆ. ಚೆಂಡಿನ ಹೊಲಿಗೆ ಎಷ್ಟು ಉಬ್ಬಿದೆ ಎಂಬುದರ ಮೇಲೆ ಗಾಳಿಯ ತಡೆ ನಿಂತಿದೆ. ಹೊಲಿಗೆ ತಗ್ಗಾದರೆ ಚೆಂಡು ಹೆಚ್ಚು ದೂರ ಹೋಗುತ್ತದೆ. 2022ಕ್ಕೆ ಪರಿಸ್ಥಿತಿ ತಿರುಗಿತ್ತು. ಚೆಂಡು ಅಷ್ಟು ಹಾರುತ್ತಿರಲಿಲ್ಲ. ಚೆಂಡುಗಳನ್ನು ನಿಗದಿತ ತೇವಾಂಶದಲ್ಲಿ ಇಡುವ ಹ್ಯೂಮಿಡರ್ ಪೆಟ್ಟಿಗೆ ಮೊದಲ ಬಾರಿಗೆ ಎಲ್ಲ 30 ಮೈದಾನಗಳಿಗೂ ಬಂತು. ಒಟ್ಟು ಹೋಮ್ ರನ್ 5,215ಕ್ಕೆ ಇಳಿಯಿತು. ಎಲ್ಲರೂ ಇಳಿಯುತ್ತಿದ್ದ ವರ್ಷ ಈ ಒಬ್ಬರು ಏರಿದರು. ಅದರ ಮೇಲೆ .311 ಬ್ಯಾಟಿಂಗ್ ಸರಾಸರಿ, 111 ವಾಕ್ (ಪಿಚರ್ ನಾಲ್ಕು ಚೆಂಡು ಹೊರಗೆಸೆದಾಗ ಬ್ಯಾಟರ್‌ಗೆ ಸಿಗುವ ಮೊದಲ ಬೇಸ್).

ರೂತ್ ಒಬ್ಬರೇ ಎತ್ತಿ ಹೊಡೆಯುತ್ತಿದ್ದ ಕಾಲ ಅದಾದರೆ, ಜಡ್ಜ್ ಕಾಲದಲ್ಲಿ ಲೀಗಿನ ಹೆಚ್ಚುಕಡಿಮೆ ಪ್ರತಿಯೊಬ್ಬನೂ ಅದನ್ನೇ ಅಭ್ಯಾಸ ಮಾಡುತ್ತಾನೆ. ಬ್ಯಾಟಿನಿಂದ ಚೆಂಡು ಎಷ್ಟು ವೇಗದಲ್ಲಿ, ಎಷ್ಟು ಡಿಗ್ರಿ ಕೋನದಲ್ಲಿ ಹೊರಟಿತು ಎಂಬುದು ಪ್ರತಿ ಹೊಡೆತಕ್ಕೂ ದಾಖಲಾಗುತ್ತದೆ. ಎಲ್ಲರೂ ಒಂದೇ ಗುಟ್ಟು ತಿಳಿದಿರುವಾಗ ಇಷ್ಟು ಅಂತರ ತೆಗೆಯುವುದು ತೀರಾ ಕಷ್ಟ. ರೂತ್ ಕಾಲವನ್ನು ಬದಿಗಿಟ್ಟರೆ ಇದರ ಸಾಲಿನಲ್ಲಿ ನಿಲ್ಲುವಂಥವು ಕೆಲವೇ: 1949ರ ರಾಲ್ಫ್ ಕೈನರ್ (54, ಅವರ ಲೀಗಿನ ಎರಡನೆಯವರು ಸ್ಟ್ಯಾನ್ ಮ್ಯೂಸಿಯಲ್, 36), 1956ರ ಮ್ಯಾಂಟಲ್ (52, ಎರಡನೆಯವರು 32), 1990ರ ಸೆಸಿಲ್ ಫೀಲ್ಡರ್ (51, ಎರಡನೆಯವರು ಮಗ್ವಾಯರ್, 39). 2025ರಲ್ಲಿ ಸಿಯಾಟಲ್‌ನ ಕ್ಯಾಲ್ ರಾಲಿ 60 ಹೊಡೆದಾಗ ಜಡ್ಜ್ 53, ಶ್ವಾರ್ಬರ್ 56ರಲ್ಲಿದ್ದರು, ಅಂತರ ದೊಡ್ಡದಲ್ಲ. ಆದರೆ ರಾಲಿ ಕ್ಯಾಚರ್. ದಿನಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಆ ಜಾಗದವರ ಹಿಂದಿನ ದಾಖಲೆ 48 ಇತ್ತು.

ಜಪಾನಿನ ಒಂದು ಉದಾಹರಣೆಯನ್ನೂ ಹೇಳಿಬಿಡುತ್ತೇನೆ, ಚೆಂಡಿನ ವಾದಕ್ಕೆ ಅದು ಸರಿಯಾದ ಪರೀಕ್ಷೆ. ಅಲ್ಲಿ ಸದಹಾರು ಓ 1964ರಲ್ಲಿ ಹೊಡೆದ 55 ದಶಕಗಳ ಕಾಲ ಉಳಿದಿತ್ತು. 1985ರಲ್ಲಿ 54 ಹೊಡೆದಿದ್ದ ರ್‍ಯಾಂಡಿ ಬಾಸ್‌ಗೆ ಕೊನೆಯ ಪಂದ್ಯದಲ್ಲಿ ಹೊಡೆಯಲು ಚೆಂಡನ್ನೇ ಕೊಡದೆ ಮತ್ತೆ ಮತ್ತೆ ವಾಕ್ ಕೊಟ್ಟರು. ಎದುರಾಳಿ ತಂಡದ ಮ್ಯಾನೇಜರ್ ಓ ಅವರೇ. 2013ರಲ್ಲಿ ವ್ಲಾಡಿಮಿರ್ ಬಾಲೆಂಟಿನ್ 60 ಹೊಡೆದು ಅದನ್ನು ಮುರಿದರು. ಅದೇ ವರ್ಷ ಯಾರಿಗೂ ತಿಳಿಸದೆ ಹೆಚ್ಚು ಪುಟಿಯುವ ಚೆಂಡು ತಂದದ್ದು ಬಯಲಾಗಿ ಕಮಿಷನರ್ ರಾಜೀನಾಮೆ ಕೊಡಬೇಕಾಯಿತು. ಹಾಗಾದರೆ ಬಾಲೆಂಟಿನ್ ದಾಖಲೆ ಬರೀ ಚೆಂಡಿನದ್ದೇ? ಅದೇ ಚೆಂಡಿನಲ್ಲಿ ಆಡಿದ ಅವರ ಲೀಗಿನ ಎರಡನೆಯವರು 41ಕ್ಕೆ ನಿಂತರು.

ಅಳೆಯುವ ದಾರಿಗಳು, ಅವುಗಳ ಅಪಾಯ

ಮಗನ ಮುಂದಿರುವ ಆಯ್ಕೆಗಳನ್ನು ಈಗ ಹೇಳುತ್ತೇನೆ. ಎರಡನೆಯವನೊಂದಿಗಿನ ಅಂತರ ಎಲ್ಲಕ್ಕಿಂತ ಸುಲಭ, ಶಾಲೆಯ ಗ್ರಾಫ್‌ಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಅದು ಒಬ್ಬ ವ್ಯಕ್ತಿಯ ಮೇಲೆ ನಿಂತ ಲೆಕ್ಕ. 2022ರಲ್ಲಿ ಟ್ರೌಟ್ ಗಾಯದಿಂದಾಗಿ ಆಡಿದ್ದು 119 ಪಂದ್ಯ ಮಾತ್ರ. ಅವರು ಪೂರ್ತಿ ಆಡಿದ್ದರೆ ಜಡ್ಜ್ ಅವರ ಅಂತರ ಬಹುಶಃ ಕುಗ್ಗುತ್ತಿತ್ತು. ಎರಡನೆಯವನ ಬದಲು ಎರಡರಿಂದ ಹತ್ತರ ತನಕದವರ ಸರಾಸರಿ ತೆಗೆದರೆ ಈ ತೊಂದರೆ ಕಡಿಮೆಯಾಗುತ್ತದೆ. ನನ್ನ ಕೆಲಸದಲ್ಲಿ ನಾನು ಬಳಸುವುದು ಅದನ್ನೇ.

ಬ್ಯಾಟ್ ಬೀಸಿದ ಪ್ರತಿ ಅವಕಾಶಕ್ಕೆ ಎಷ್ಟು ಎಂಬ ಲೆಕ್ಕ ಇನ್ನೊಂದು. ಇದರಲ್ಲಿ ಬಾಂಡ್ಸ್ ರಾಜ: 2001ರಲ್ಲಿ 177 ವಾಕ್ ಮುಂತಾದವನ್ನು ಕಳೆದು ಉಳಿದ 476 ಅವಕಾಶಗಳಲ್ಲಿ 73, ಅಂದರೆ ಆರೂವರೆಗೊಂದು. ಜಡ್ಜ್ ಒಂಬತ್ತು ಚಿಲ್ಲರೆಗೊಂದು, 1927ರ ರೂತ್ ಒಂಬತ್ತಕ್ಕೊಂದು. ಅಪಾಯ ಏನೆಂದರೆ ಈ ಲೆಕ್ಕ ಆಟಗಾರನನ್ನು ಅವನ ಕಾಲದಿಂದ ಬಿಡಿಸಿ ಎತ್ತುತ್ತದೆ. ನಿಮ್ಮ ಮಗನ ಪ್ರಶ್ನೆಯೇ ಕಾಲಕ್ಕೆ ಕಟ್ಟಿಕೊಂಡಿರುವಂಥದ್ದು.

ಮೂರನೆಯದು ಲೀಗಿನ ಒಟ್ಟು ಹೋಮ್ ರನ್‌ಗಳಲ್ಲಿ ಒಬ್ಬನ ಪಾಲು. 1920ರಲ್ಲಿ ಅಮೆರಿಕನ್ ಲೀಗಿನ 369ರಲ್ಲಿ 54 ರೂತ್‌ರವು, ಶೇಕಡಾ 14ಕ್ಕೂ ಹೆಚ್ಚು. ಇಂದು ಅಷ್ಟು ಪಾಲು ಬೇಕಾದರೆ ಒಬ್ಬ 300ಕ್ಕೂ ಹೆಚ್ಚು ಹೊಡೆಯಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ಹೋಲಿಕೆ ನ್ಯಾಯವಲ್ಲ. ಆಗ ಲೀಗಿನಲ್ಲಿ ಎಂಟು ತಂಡ, ಈಗ ಹದಿನೈದು. ತಂಡ ಹೆಚ್ಚಿದಂತೆ ಯಾರ ಪಾಲಾದರೂ ತಾನಾಗಿ ಇಳಿಯುತ್ತದೆ. ಬದಲಿಗೆ ಒಂದು ಸರಾಸರಿ ತಂಡಕ್ಕೆ ಹೋಲಿಸಿ. 1920ರಲ್ಲಿ ಆ ಲೀಗಿನ ಸರಾಸರಿ ತಂಡ ಹೊಡೆದದ್ದು 46, ರೂತ್ ಅದಕ್ಕಿಂತ ಮೇಲೆ. 2022ರಲ್ಲಿ ಸರಾಸರಿ ತಂಡ ಸುಮಾರು 174, ಜಡ್ಜ್ ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಇಂದು ರೂತ್‌ಗೆ ಸಮ ಬರಬೇಕಾದರೆ ಒಬ್ಬ 200 ದಾಟಬೇಕು.

ನನ್ನ ಉತ್ತರ ಕೇಳಿದರೆ, ಪೈಪೋಟಿಯಲ್ಲಿ ಅತಿ ದೊಡ್ಡ ಮೇಲುಗೈ 1920ರ ರೂತ್‌ದು, ಅದಕ್ಕೆ ಎರಡನೇ ಮಾತಿಲ್ಲ. ಎಲ್ಲರಿಗೂ ಬಾಗಿಲು ತೆರೆದ ಮೇಲಿನ ಬೇಸ್‌ಬಾಲ್‌ನಲ್ಲಿ, ಅಂದರೆ 1947ರಿಂದ ಈಚೆಗೆ, ನಾನು ಜಡ್ಜ್ ಅವರ 2022ನ್ನೇ ಮೊದಲಿಡುತ್ತೇನೆ. 1956ರ ಮ್ಯಾಂಟಲ್ ಹತ್ತಿರದಲ್ಲೇ ಇದ್ದಾರೆ. ನಿಮ್ಮ ಮಗ ಮೊದಲನೇ ಪುಟದಲ್ಲೇ "1947ರ ನಂತರ" ಎಂಬ ಮಿತಿಯನ್ನು ಬರೆದು, ಯಾಕೆ ಆ ವರ್ಷ ಎಂದು ಎರಡು ಸಾಲಿನಲ್ಲಿ ವಿವರಿಸಿದರೆ, ಅವನ ಉತ್ತರವನ್ನು ಯಾವ ಮೇಷ್ಟ್ರೂ ಸುಲಭಕ್ಕೆ ತಳ್ಳಿಹಾಕಲಾರರು. ಕೋಷ್ಟಕದಲ್ಲಿ ಐದು ಕಾಲಂ ಸಾಕು: ವರ್ಷ, ಮೊದಲಿಗ, ಎರಡನೆಯವ, ಮನೆ ಮೈದಾನದಲ್ಲಿ ಎಷ್ಟು, ಹೊರಗೆ ಎಷ್ಟು. ಎರಡರಿಂದ ಹತ್ತರವರೆಗಿನ ಸರಾಸರಿಯನ್ನು ಆರನೆಯದಾಗಿ ಸೇರಿಸುವಷ್ಟು ಸಮಯ ಅವನಿಗಿದ್ದರೆ ಇನ್ನೂ ಒಳ್ಳೆಯದು. ಈ ಅಂಕಿಗಳೆಲ್ಲ ಮೇಜರ್ ಲೀಗ್ ಬೇಸ್‌ಬಾಲ್‌ನ ಜಾಲತಾಣದಲ್ಲಿ ಮತ್ತು ಬೇಸ್‌ಬಾಲ್ ರೆಫರೆನ್ಸ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಎರಡೂ ಲೀಗ್‌ಗಳನ್ನು ಬೆರೆಸಬೇಕೋ ಬೇಡವೋ ಎಂಬುದನ್ನು ಮಾತ್ರ ಶುರುವಿನಲ್ಲೇ ತೀರ್ಮಾನಿಸಿ, ಕೊನೆಯ ತನಕ ಅದನ್ನೇ ಪಾಲಿಸಲಿ.